ಹೊಳೆವ್ವನ ಸೀರೆಯಲ್ಲಿ

ಜನವರಿ 21, 2025
ದಾಂಡೇಲಿ

ಹುಬ್ಬಳ್ಳಿಯ ಆಸ್ಪತ್ರೆಯಿಂದ ಇವತ್ತು ಮನೆಗೆ ಬಂದೆ. ದವಡೆ ಮುರಿದಿದೆಯೆಂದು ಮೇಲಿನ ಹಲ್ಲು ಕೆಳಗಿನ ಹಲ್ಲು ಸೇರಿಸಿ ತಂತಿಯಿಂದ ಬಿಗಿದಿದ್ದಾರೆ. ಮುಂದಿನ ತಿಂಗಳವರೆಗೂ ಬಾಯಿ ತೆರೆಯುವಂತಿಲ್ಲ. ಆಡದ ಮಾತೆಲ್ಲ ತಲೆಯಲ್ಲೇ ಉಳಿದು ಗಿಜಿಗುಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ. ಗಂಡ ಅಜಯ ಓದಲಿ ಎಂದಲ್ಲ, ಯಾರೂ ಓದಲಿ ಎಂದಲ್ಲ.

ಹಳಿಯಾಳ ದಾಟಿ ಕಾಡು ಶುರುವಾಗುತ್ತಿದ್ದಂತೆ ಕಾರಿನ ಗಾಜು ಏರಿಸು ಎಂದು ಅಜಯನಿಗೆ ಸನ್ನೆ ಮಾಡಿದೆ. ಅವನು ಒಂದು ಗಳಿಗೆ ನನ್ನನ್ನೇ ನೋಡಿದ. ಗಾಜು ಏರಿಸಿಯೇ ಇತ್ತು.

ಅತ್ತೆ ಬಾಗಿಲಲ್ಲಿ ನೀರು ನಿವಾಳಿಸಿ ಒಳಗೆ ಕರೆದರು. ಬಾಗಿಲ ಹಿಂದೆ ಮೊಳೆಗೆ ಕಪ್ಪು ಕೊಡೆ ತೂಗುಹಾಕಿತ್ತು. ನಾನು ಹೊಸ್ತಿಲ ಮೇಲೇ ಕುಸಿದು ಕೂತೆ. ಅಜಯನಿಗೆ ಅರ್ಥವಾಗಲಿಲ್ಲ, ನೀರು ತರಲು ಓಡಿದ. ಅತ್ತೆ ಮಾತ್ರ ನನ್ನ ಕಣ್ಣು ಎತ್ತ ಇದೆಯೆಂದು ನೋಡಿದರು. ಏನೂ ಕೇಳದೆ ಕೊಡೆ ತೆಗೆದುಕೊಂಡು ಹೋಗಿ ಪಕ್ಕದ ಮನೆಯಲ್ಲಿ ಕೊಟ್ಟು ಬಂದರು.

ರಾತ್ರಿಯ ಊಟ ತೆಳ್ಳಗಿನ ರಾಗಿ ಅಂಬಲಿ. ಸ್ಟ್ರಾದಲ್ಲಿ ಹೀರುವುದು. ಎಡಗೆನ್ನೆಯ ಕಡೆಯಿಂದ ಸೋರುತ್ತದೆ, ಸೋರಿದ್ದು ನನಗೆ ಗೊತ್ತಾಗುವುದಿಲ್ಲ. ಅಲ್ಲಿ ಸ್ಪರ್ಶವೇ ಇಲ್ಲ.

ಜನವರಿ 23

ನಾನು ಏನು ಕೆಲಸ ಮಾಡುತ್ತೇನೆಂದು ಆಸ್ಪತ್ರೆಯಲ್ಲಿ ಕೇಳಿದವರಿಗೆಲ್ಲ ಅಜಯ ಫೋಟೋಗ್ರಾಫರ್ ಎಂದು ಹೇಳುತ್ತಿದ್ದ. ಮದುವೆ ಫೋಟೋನೋ ಹುಲಿ ಫೋಟೋನೋ ಎಂದು ಅವರು ಮತ್ತೆ ಕೇಳುತ್ತಿದ್ದರು. ಎರಡೂ ಅಲ್ಲ ಎಂದು ವಿವರಿಸುವ ಶಕ್ತಿ ಅವನಿಗೂ ಉಳಿದಿರಲಿಲ್ಲ.

ನನ್ನ ಸರಣಿಯ ಹೆಸರು ‘ಎರವಲು’. ಈ ನಾಲ್ಕು ತಾಲ್ಲೂಕಿನ ಒಬ್ಬೊಬ್ಬ ಹೆಂಗಸನ್ನು ಹುಡುಕಿ, ಅವಳ ಸೀರೆ ಉಟ್ಟು, ಅವಳ ಬಳೆ ತೊಟ್ಟು, ಅವಳು ದಿನಾ ಇರುವ ಜಾಗದಲ್ಲಿ ಅವಳ ಹಾಗೆ ನಾನು ಕೂರುತ್ತೇನೆ ಅಥವಾ ನಿಲ್ಲುತ್ತೇನೆ. ಕ್ಯಾಮೆರಾಕ್ಕೆ ತಂತಿಯಿಂದ ಜೋಡಿಸಿದ ಗುಂಡಿ ಒತ್ತುವವಳು ಅವಳು. ನಿಯಮ ಒಂದೇ: ಮಾತಾಡಬಾರದು. ಎದುರಿಗಿರುವವಳು ತಾನೇ ಎಂದು ಅವಳಿಗೆ ಅನ್ನಿಸಿದ ಕ್ಷಣ ಒತ್ತಬೇಕು. ಕ್ಯಾಸಲ್‌ರಾಕ್ ಸ್ಟೇಷನ್ನಿನಲ್ಲಿ ಚಹಾ ಮಾರುವವಳು, ಹಳಿಯಾಳ ಸಂತೆಯಲ್ಲಿ ಮೆಣಸಿನಕಾಯಿ ರಾಶಿ ಹಾಕುವ ದುರ್ಗವ್ವ, ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಸ್ವೆಟರ್ ಹೆಣೆಯುವ ಮುದುಕಿ. ಹನ್ನೊಂದು ಆಗಿದ್ದವು. ಹನ್ನೆರಡನೆಯದಕ್ಕೆ ಗಣೇಶಗುಡಿಗೆ ಹೋಗಿದ್ದೆ. ಏಪ್ರಿಲ್‌ನಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಪ್ರದರ್ಶನ. ಏಷ್ಯಾದ ಬೇರೆ ಬೇರೆ ದೇಶಗಳ ಫೋಟೋಗ್ರಾಫರುಗಳು, ಅವರ ನಡುವೆ ನಾನು. ಹನ್ನೆರಡು ಚಿತ್ರ ಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ.

ಹನ್ನೆರಡನೆಯ ಹೆಂಗಸು ಅಲ್ಲಿಯ ಒಂದು ಹೋಮ್‌ಸ್ಟೇಯಲ್ಲಿ ಅಡುಗೆ ಮಾಡುವವಳು. ಬೆಳಿಗ್ಗೆ ಕಟ್ಟಿಗೆ ತರಲು ಹೋಗುತ್ತಾಳೆ. ಅವಳ ಹಸಿರು ಸೀರೆಯಲ್ಲಿ, ಅವಳು ದಣಿವಾರಿಸಿಕೊಳ್ಳುವ ಬಂಡೆಯ ಮೇಲೆ, ಹೊರೆ ಪಕ್ಕಕ್ಕಿಟ್ಟು ಕೂತಿದ್ದೆ. ಮಂಜು ಇನ್ನೂ ಕರಗಿರಲಿಲ್ಲ. ಅವಳು ಕ್ಯಾಮೆರಾ ಹಿಂದೆ. ತುಂಬ ಹೊತ್ತು ಒತ್ತಲೇ ಇಲ್ಲ. ನಾನು ಸೆರಗು ಸರಿಮಾಡಿಕೊಂಡೆ. ಶಟರ್ ಸದ್ದು ಕೇಳಿತು. ಆಮೇಲೆ ಒಂದು ವಾಸನೆ, ಹಸಿ ಮಣ್ಣು ಮತ್ತು ಕೊಳೆತ ಹಣ್ಣು ಸೇರಿದ ಹಾಗೆ. ಆಮೇಲೆ ಬೆನ್ನ ಮೇಲೆ ಭಾರ.

ಕರಡಿ ಎಂದು ನನಗೆ ಆಮೇಲೆ ಹೇಳಿದರು. ನಾನು ನೋಡಿಯೇ ಇಲ್ಲ.

ಹೋಮ್‌ಸ್ಟೇಯ ಜೀಪು ಹಾರ್ನ್ ಬಾರಿಸುತ್ತ ಬಂದದ್ದಕ್ಕೆ ಅದು ಬಿಟ್ಟು ಹೋಯಿತಂತೆ. ಜೀಪಿನವನು ಇಳಿದಾಗ ಆ ಹೆಂಗಸು ಗುಂಡಿ ಕೈಯಲ್ಲಿ ಹಿಡಿದು ಇದ್ದಲ್ಲೇ ನಿಂತಿದ್ದಳಂತೆ. ಕೂಗಲಿಲ್ಲ, ಓಡಲೂ ಇಲ್ಲ. ನಿಂತು ನೋಡಿದಳು ಎಂದು ಅತ್ತೆ ದಿನಕ್ಕೆ ಎಷ್ಟು ಸಲ ಹೇಳುತ್ತಾರೋ. ನನಗೂ ಹಾಗೇ ಅನ್ನಿಸುತ್ತದೆ, ಬಾಯಿ ಬಿಟ್ಟು ಹೇಳಲಾರೆ, ಅಷ್ಟೇ.

ಜನವರಿ 28

ಸೊಯೊನ್ ಮೇಲ್ ಕಳಿಸಿದ್ದಾಳೆ. ಪ್ರದರ್ಶನ ಕಟ್ಟುತ್ತಿರುವವಳು ಅವಳೇ, ಅವಳೂ ಫೋಟೋಗ್ರಾಫರ್. ಮೀನು ಮಾರುಕಟ್ಟೆಯ ಹೆಂಗಸರ ಅಂಗಿಗಳನ್ನು ಹಗ್ಗಕ್ಕೆ ಹಾಕಿ, ಆ ಹೆಂಗಸರೇ ಗೋಡೆಯ ಮರೆಯಲ್ಲಿ ನಿಂತು ಒಂದು ತೋಳು ಮಾತ್ರ ಹಿಡಿದಿರುವಂತೆ ಚಿತ್ರ ತೆಗೆಯುತ್ತಾಳೆ. ತೈವಾನಿನ ಒಬ್ಬ ಪ್ರತಿ ವರ್ಷ ತನ್ನ ಮನೆಯವರನ್ನೆಲ್ಲ ಕೂರಿಸಿ, ಒಬ್ಬರಿಗೆ ಮಾತ್ರ ಚೌಕಟ್ಟಿನಿಂದ ಹೊರಗೆ ನಿಲ್ಲಲು ಹೇಳುತ್ತಾನಂತೆ. ಅವನ ಕೆಲಸ ಬಂತು, ಇಂಡೊನೇಷ್ಯಾದವಳ ಕೆಲಸ ಬಂತು, ನಿನ್ನದು ಯಾವಾಗ ಎಂದು ಕೇಳಿದ್ದಾಳೆ. ನನ್ನ ಚಿತ್ರಗಳಿಗೆ ಒಂದು ಇಡೀ ಗೋಡೆ ಇಟ್ಟಿದ್ದಾಳಂತೆ.

ಏನಾಯಿತೆಂದು ನಾನು ಅವಳಿಗೆ ತಿಳಿಸಿಲ್ಲ. ಕೆಲಸ ನಡೆದಿದೆ ಎಂದು ಬರೆದೆ.

ಈ ಮುಖದಲ್ಲಿ ಇನ್ನು ಯಾರ ಹಾಗೆ ಕೂರಲಿ? ನಾನು ಯಾರ ಹಾಗಾದರೂ ಆಗಬಲ್ಲೆ ಎನ್ನುವುದೇ ನನ್ನ ಕೆಲಸವಾಗಿತ್ತು. ಎದ್ದು ಕಾಣದ ಮುಖ ನಿಂದು, ಯಾವ ಪಾತ್ರೆಗೆ ಹಾಕಿದರೂ ಆ ಆಕಾರ ಎಂದು ಅಜಯ ಚೇಷ್ಟೆ ಮಾಡುತ್ತಿದ್ದ. ಈಗ ಹಣೆಯಿಂದ ಗದ್ದದವರೆಗೆ ಹೊಲಿಗೆ. ಎಡಗಣ್ಣಿನ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಮಲಗಿದರೂ ಆ ಕಣ್ಣು ಕೋಣೆಯನ್ನು ನೋಡುತ್ತಲೇ ಇರುತ್ತದೆ.

ಕ್ಯಾಮೆರಾ ಎಲ್ಲಿದೆ ಎಂದು ಚೀಟಿಯಲ್ಲಿ ಬರೆದು ಅಜಯನಿಗೆ ತೋರಿಸಿದೆ. ಕಪಾಟಿನಲ್ಲಿದೆ, ಈಗ ಬೇಡ ಎಂದ. ಅವನು ಹೇಳಿದ ರೀತಿಯಲ್ಲೇ ತಿಳಿಯಿತು. ಆ ಚಿತ್ರ ಅದರಲ್ಲಿದೆ. ಅವನು ನೋಡಿದ್ದಾನೆ.

ಫೆಬ್ರವರಿ 2

ಇವತ್ತು ಅಂಗಳಕ್ಕೆ ಇಳಿದೆ. ತುಳಸಿಯವರೆಗೂ ಹೋಗಲಾಗಲಿಲ್ಲ. ಬೇಲಿಯ ಆಚೆ ಎಲೆ ಸರಿದ ಸದ್ದು. ಕೋಳಿ.

ಫೆಬ್ರವರಿ 9

ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಅತ್ತೆ ತೆಗೆದರು. ರಾಫ್ಟಿಂಗ್ ಕಂಪನಿಯ ಟೀ ಶರ್ಟು ಹಾಕಿದ ಒಬ್ಬ ಗಂಡಸು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು ಹಿಡಿದು ನಿಂತಿದ್ದ. ಲಗಮಪ್ಪ, ಆ ಹೆಂಗಸಿನ ಗಂಡ. ಅತ್ತೆ ಒಳಗೆ ಕರೆಯಲಿಲ್ಲ. ನಿನ್ನ ಹೆಂಡತಿ ಕಣ್ಣೆದುರೇ ನಮ್ಮ ಸೊಸೆಯನ್ನು ಕರಡಿ ಹರಿಯುತ್ತಿದ್ದರೆ ಒಂದು ಕೂಗು ಹಾಕಲಿಲ್ಲವಲ್ಲ ಎಂದು ಹೊಸ್ತಿಲಲ್ಲೇ ನಿಲ್ಲಿಸಿ ಕೇಳಿದರು. ಅವನು ತಲೆ ಎತ್ತದೆ ಎಲ್ಲ ಕೇಳಿಸಿಕೊಂಡ. ಅಡುಗೆಮನೆಯ ಪರದೆ ಹಿಂದೆ ನಿಂತು ನಾನೂ ಕೇಳುತ್ತಿದ್ದೆ.

ಕೊನೆಗೆ ಅವನು ಬಾಯಿಬಿಟ್ಟ.

“ಬೈರಿ ಅವ್ವಾರ, ಬೈಸ್ಕೊಳ್ಳಾಕ ಬಂದೇನಿ. ಆದ್ರ ಹೊಳೆವ್ವ ಈಗ ಮನ್ಯಾಗಿಲ್ರಿ. ತವರಿಗೆ ಕಳಿಸ್ಯಾರ.”

ಅವನ ತಾಯಿ ಗುರುಬಸವ್ವ ಕಳಿಸಿದ್ದಂತೆ. ಸೀರೆ ಹೊಳೆವ್ವನದು, ಬಳೆ ಅವಳದು, ಕೂತ ಬಂಡೆ ಅವಳದು. ಅಂದಮೇಲೆ ಕರಡಿ ಬಂದದ್ದು ಅವಳಿಗಾಗಿಯೇ. ಅವಳ ಪಾಲಿನದನ್ನು ಇನ್ನೊಬ್ಬಳು ತಗೊಂಡಳು, ಪಾಲು ತೀರಿಲ್ಲ, ಮತ್ತೆ ಹುಡುಕಿಕೊಂಡು ಮನೆವರೆಗೂ ಬರುತ್ತದೆ, ಮನೆಯಲ್ಲಿ ಮೊಮ್ಮಗಳಿದ್ದಾಳೆ. ಹೀಗೆಂದು ಮುಂಡಗೋಡ ಹತ್ತಿರದ ಸನವಳ್ಳಿಗೆ, ಅವಳ ಅಣ್ಣನ ಮನೆಗೆ ಅಟ್ಟಿದ್ದಾರೆ. ಮಗಳು ಸುಮಿತಾಗೆ ಮುಂದಿನ ತಿಂಗಳು ಎಸ್ಸೆಸ್ಸೆಲ್ಸಿ ಪರೀಕ್ಷೆ. ತಾಯಿ ಇಲ್ಲದೆ ಹುಡುಗಿ ಅನ್ನ ಬಿಟ್ಟಿದೆ ಎಂದ.

ಅತ್ತೆ ಬಾಳೆಹಣ್ಣು ತೆಗೆದುಕೊಂಡರು. ಚಹಾ ಮಾತ್ರ ಕೊಡಲಿಲ್ಲ.

ಎಂಥ ಮೂಢ ಜನ ಎಂದು ಬರೆಯಲು ಕೂತೆ. ಬರೆಯಲಾಗಲಿಲ್ಲ. ಪಾಲು ತೀರಿಲ್ಲ ಎಂದು ಅವನು ಹೇಳಿದಾಗ ನಾನು ಹಿತ್ತಲ ಬಾಗಿಲ ಅಗಳಿ ನೋಡಿಬಂದೆ.

ಫೆಬ್ರವರಿ 12

ಅಜಯ ಕಾರ್ಖಾನೆಗೆ ಹೋದಮೇಲೆ ಕಪಾಟು ತೆಗೆದೆ. ಟ್ರೈಪಾಡಿನ ಒಂದು ಕಾಲು ಸೊಟ್ಟಗಾಗಿದೆ. ಕ್ಯಾಮೆರಾಕ್ಕೆ ಏನೂ ಆಗಿಲ್ಲ.

ಚಿತ್ರ ನೋಡಿದೆ.

ಹಸಿರು ಸೀರೆ, ಮಂಜು, ಬಂಡೆ. ನನ್ನ ಕೈ ಕಿವಿಯ ಹತ್ತಿರ, ಸೆರಗು ಸರಿಸುತ್ತಿದೆ. ನನ್ನ ಹಿಂದೆ ಎಡಕ್ಕೆ ಪೊದೆಯಲ್ಲಿ ಕಪ್ಪಗೆ ಏನೋ. ಗೊತ್ತಿಲ್ಲದವರು ನೆರಳು ಎನ್ನುತ್ತಾರೆ. ಗೊತ್ತಿದ್ದವರಿಗೆ ಅದರ ಎದೆಯ ಮೇಲಿನ ಬಿಳಿ ಗೆರೆ ಕಾಣುತ್ತದೆ.

ಹನ್ನೊಂದು ಚಿತ್ರಗಳನ್ನೂ ಸಾಲಾಗಿ ತೆರೆದು ಇದನ್ನು ಕೊನೆಗಿಟ್ಟು ನೋಡಿದೆ. ಇದರಷ್ಟು ಒಳ್ಳೆಯ ಚಿತ್ರ ನಾನು ಈವರೆಗೆ ತೆಗೆದಿಲ್ಲ. ಹಾಗೆ ಅನ್ನಿಸಿದ ಕೂಡಲೇ ಕ್ಯಾಮೆರಾ ಹಾಸಿಗೆ ಮೇಲೆ ಬಿಟ್ಟು ಹೊರಗೆ ಬಂದೆ. ಅತ್ತೆ ಬೇಳೆ ಆರಿಸುತ್ತಿದ್ದರು. ಅವರ ಪಕ್ಕ ಹೋಗಿ ಕೂತೆ. ಸಂಜೆಯವರೆಗೂ ಏಳಲಿಲ್ಲ.

ಫೆಬ್ರವರಿ 13

ಮತ್ತೆ ನೋಡಿದೆ. ಇವತ್ತು ಕಪ್ಪು ಆಕಾರ ನಿನ್ನೆಗಿಂತ ಹತ್ತಿರ ಬಂದಂತಿತ್ತು. ಸುಳ್ಳು ಎಂದು ಗೊತ್ತು.

ಫೆಬ್ರವರಿ 20

ತಂತಿ ತೆಗೆದರು. ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತದೆ. ದಿನಾ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಬೇಕು, ಅವಸರ ಮಾಡಿ ಅಗಲಿಸಬಾರದು ಎಂದು ಡಾಕ್ಟರು ಹೇಳಿದರು. ಮೊದಲು ಆಡಿದ ಮಾತು ಯಾವುದೆಂದು ನೆನಪಿಟ್ಟುಕೊಳ್ಳಬೇಕು ಎಂದುಕೊಂಡಿದ್ದೆ. ‘ಬಸ್ ಸ್ಟ್ಯಾಂಡ್ ಕಡೆಯಿಂದ ಬೇಡ, ಜನ ಇರ್ತಾರೆ’ ಎಂದು ಅಜಯನಿಗೆ ಹೇಳಿದ್ದೇ ಮೊದಲ ಮಾತಾಯಿತು.

ಸೊಯೊನ್‌ಗೆ ಎಲ್ಲ ಬರೆದೆ. ಚಿತ್ರದ ವಿಷಯವನ್ನೂ ಬರೆದೆ. ಯಾಕೆ ಬರೆದೆನೋ. ಬರೆದು ಕಳಿಸಿದ ಕೂಡಲೇ ಅವಳ ಫೋನ್ ಬಂತು. ಪರದೆಯ ಮೇಲೆ ನನ್ನ ಮುಖ ನೋಡಿ ಅಳತೊಡಗಿದಳು. ಕೊನೆಗೆ, ತುಂಬ ಮೆತ್ತಗೆ, ಆ ಚಿತ್ರ ಕಳಿಸುವುದು ಬಿಡುವುದು ನಿನಗೆ ಬಿಟ್ಟದ್ದು ಎಂದಳು. ಆದರೆ ಬದಲಿ ನಿಲ್ಲುವುದು ಎಂಬ ಮಾತಿನ ಮೇಲೇ ಇಡೀ ಪ್ರದರ್ಶನ ನಿಂತಿದೆ. ನಾವೆಲ್ಲ ಸುಮ್ಮನೆ ಕಲ್ಪಿಸಿಕೊಂಡದ್ದು ನಿನ್ನ ಚಿತ್ರದಲ್ಲಿ ನಿಜವಾಗಿ ನಡೆದಿದೆ. ಅದೊಂದೇ ಚಿತ್ರ ಸಾಕು, ಇಡೀ ಗೋಡೆಗೆ ಅದನ್ನೇ ಹಾಕುತ್ತೇನೆ ಎಂದಳು.

ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ನಾನು ಅವಳ ಜಾಗದಲ್ಲಿದ್ದರೆ ಇದನ್ನೇ ಹೇಳುತ್ತಿದ್ದೆ. ಚಿತ್ರದ ಕೆಳಗೆ ಇಬ್ಬರ ಹೆಸರಿರುತ್ತದೆ: ಕೂತವಳು ಸ್ವಪ್ನಾ, ಗುಂಡಿ ಒತ್ತಿದವಳು ಹೊಳೆವ್ವ. ನೋಡುವವರು ಮೊದಲು ಕರಡಿಯನ್ನು ನೋಡುತ್ತಾರೆ, ಆಮೇಲೆ ಆ ಎರಡನೆಯ ಹೆಸರನ್ನು. ಅತ್ತೆ ಕೇಳಿದ್ದನ್ನೇ ಕೇಳುತ್ತಾರೆ.

ಅವಳನ್ನು ಒಂದು ಸಲ ಕಾಣಬೇಕು. ಗಣೇಶಗುಡಿಯಾದರೆ ಹೋಗಲಾರೆ. ಸನವಳ್ಳಿಯ ಕಡೆ ಬಯಲು, ಹೊಲ.

ಫೆಬ್ರವರಿ 27

ಅಜಯ ರಜೆ ಹಾಕಿ ಕರೆದುಕೊಂಡು ಹೋದ. ಹೋಗುವುದು ಅವನಿಗೆ ಇಷ್ಟವಿರಲಿಲ್ಲ. ಅವಳ ಮುಖ ನೋಡಿದರೆ ನಾನೇನು ಮಾಡುತ್ತೇನೋ ಗೊತ್ತಿಲ್ಲ, ಕಾರಲ್ಲೇ ಇರುತ್ತೇನೆ ಎಂದ. ಇದ್ದ ಕೂಡ.

ಅಣ್ಣನ ಮನೆ ಕೆರೆಯ ದಂಡೆಗಿದೆ. ಹೊಳೆವ್ವ ಕಟ್ಟೆಯ ಮೇಲೆ ಗೋವಿನಜೋಳ ಸುಲಿಯುತ್ತಿದ್ದಳು. ನನ್ನನ್ನು ಕಂಡವಳೇ ಎದ್ದು ಒಳಗೆ ಹೋದಳು. ಅವಳ ಅತ್ತಿಗೆ ಕುರ್ಚಿ ಹಾಕಿ, ನನ್ನ ಮುಖ ನೋಡದಿರಲು ಹೆಣಗಾಡುತ್ತ ನೀರು ಕೊಟ್ಟಳು. ಕಾಯುತ್ತ ಕೂತೆ. ಬಯಲು ಎಂದು ಧೈರ್ಯ ಮಾಡಿ ಬಂದಿದ್ದೆ. ಆದರೆ ಕೆರೆಯಲ್ಲಿ ಎಮ್ಮೆಗಳು ಮುಳುಗಿದ್ದವು. ಒಂದೊಂದಾಗಿ ಕಪ್ಪಗೆ ಏಳುತ್ತಿದ್ದವು. ಕುರ್ಚಿಯನ್ನು ಗೋಡೆಗೆ ಬೆನ್ನು ತಾಗುವಷ್ಟು ಹಿಂದಕ್ಕೆ ಎಳೆದುಕೊಂಡೆ.

ಹೊಳೆವ್ವ ಹೊರಬಂದು ನೆಲದ ಮೇಲೆ ಕೂತಳು. ಇಷ್ಟು ದಿನದಲ್ಲಿ ಅರ್ಧಕ್ಕರ್ಧ ಇಳಿದುಹೋಗಿದ್ದಾಳೆ. ಯಾಕೆ ಕೂಗಲಿಲ್ಲ ಎಂದು ಕೇಳಬೇಕೆಂದೇ ಹೋದವಳು ನಾನು. ಕೇಳುವ ಮೊದಲೇ ಅವಳು ಶುರುಮಾಡಿದಳು. ನೆಲ ನೋಡುತ್ತಲೇ ಹೇಳಿದಳು.

“ನಾ ಓಡಿ ಹೋಗಲಿಲ್ರಿ ಅಕ್ಕಾರ. ನಿಂತು ನೋಡಿದ್ನಿ ಅಂತಾರ, ಅದೂ ಅಲ್ರಿ. ನೀವು ಹೇಳಿದ್ರಿ, ನಾ ನಿನ್ನಂಗ ಕಂಡಾಗ ಒತ್ತು ಅಂತ. ನೋಡಕೋತ ನಿಂತಿದ್ನಿ. ನೀವು ಸೆರಗ ಕಿವಿ ಹಿಂದ ಸರಿಸಿದ್ರಿ. ಆವಾಗ ಅಲ್ಲಿ ಕುಂತಾಕಿ ನಾನ ಅನಿಸ್ತು. ಅದ ಹೊತ್ತಿಗೆ ಹಿಂದ ಅದು ಎದ್ದಿತು.”

ನೆಲಕ್ಕೆ ಬಿದ್ದಿದ್ದ ಒಂದು ಜೋಳದ ಕಾಳು ಹೆಕ್ಕಿ ಬುಟ್ಟಿಗೆ ಹಾಕಿದಳು.

“ನನ್ನ ಬೆನ್ನ ಹಿಂದ ಬಂದಂಗಾತ್ರಿ. ನಿಮ್ಮ ಹಿಂದ ಅಂತ ತಿಳಿದಿದ್ರ ಒದರತಿದ್ನಿ. ನನ್ನ ಹಿಂದನ ಬಂತು ಅಂತ ಮೈಯೆಲ್ಲ ಕಲ್ಲಾತು. ಬಾಯಿ ತೆರಿಲಿಲ್ಲ. ಕೈ ಒತ್ತಿಬಿಡ್ತು.”

ಹನ್ನೊಂದು ಹೆಂಗಸರು ಗುಂಡಿ ಒತ್ತಿದ್ದಾರೆ. ನಿಜಕ್ಕೂ ನಿಮಗೆ ನೀವೇ ಕಂಡಿರಾ ಎಂದು ಕೇಳಿದರೆ ಎಲ್ಲರೂ ನಕ್ಕು ಹೂಂ ಎಂದಿದ್ದರು. ಇವಳೊಬ್ಬಳಿಗೆ ನಿಜವಾಗಿಯೂ ಹಾಗಾಗಿದೆ. ನಾನು ಬಯಸಿದ್ದು ಅದನ್ನೇ. ಆಗಿದ್ದರಿಂದ ಇವಳ ಗಂಟಲು ಕಟ್ಟಿತು, ನನ್ನ ಮುಖ ಹೋಯಿತು.

ಅದು ಮತ್ತೆ ಬರುತ್ತದೆ ಎಂದಳು. ನಮ್ಮ ಅತ್ತೆ ಹೇಳುವುದು ಸುಳ್ಳಲ್ಲ, ದಿನಾ ಬೆನ್ನ ಹಿಂದೆ ಇದ್ದಂತೆ ಆಗುತ್ತದೆ, ಬಚ್ಚಲಿಗೂ ಗೋಡೆಗೆ ಬೆನ್ನು ಕೊಟ್ಟೇ ಹೋಗುತ್ತೇನೆ ಎಂದಳು. ಆಗ ನಾನು ಕೂತ ಕುರ್ಚಿ ಎಲ್ಲಿದೆಯೆಂದು ಅವಳು ನೋಡಿದಳು. ನಾನೂ ನೋಡಿಕೊಂಡೆ. ನೆಲದ ಮೇಲಿದ್ದವಳು ಸರಿದು ಬಂದು ಅದೇ ಗೋಡೆಗೆ ಒರಗಿ ಕೂತಳು.

ಬುಟ್ಟಿಯಲ್ಲಿ ಇನ್ನೂ ತೆನೆಗಳಿದ್ದವು. ನಾನೂ ಒಂದು ತೆಗೆದುಕೊಂಡೆ. ಇಬ್ಬರೂ ಕೆರೆ ಕಡೆ ಮುಖ ಮಾಡಿ ಸುಲಿದೆವು. ಹೊರಡುವಾಗ, ಆ ಫೋಟೋ ಐತೇನ್ರಿ ಎಂದು ಕೇಳಿದಳು. ಇದೆ ಎಂದೆ. ಒಮ್ಮೆ ನೋಡಬೇಕು ಎಂದಳು. ಆಮೇಲೆ, ಬೇಡ ಎಂದಳು.

ಮಾರ್ಚ್ 2

ಸನವಳ್ಳಿಯಿಂದ ಬಂದಾಗಿನಿಂದ ನಿದ್ದೆ ಸರಿಯಿಲ್ಲ. ಹೊಳೆವ್ವ ಹಗಲು ಒಬ್ಬಳೇ ಇರುತ್ತಾಳೆ. ಅಣ್ಣ ಅತ್ತಿಗೆ ಹೊಲಕ್ಕೆ ಹೋಗುತ್ತಾರೆ. ಬಾಗಿಲು ಹಾಕಿಕೊಂಡು ಕೂತಿರುತ್ತಾಳೋ ಏನೋ. ಸುಮಿತಾಳ ಪರೀಕ್ಷೆ ಹತ್ತಿರ ಬಂತು.

ಅಜಯನಿಗೆ ಅವಳು ಹೇಳಿದ್ದನ್ನು ಹೇಳಿದೆ. ಅವನು, ಅಂದರೆ ಅವಳೂ ಅಲ್ಲೇ ಸಿಕ್ಕಿಬಿದ್ದಿದ್ದಳು ಎಂದ. ಅತ್ತೆ ಒಪ್ಪಲಿಲ್ಲ. ಮಾತು ಚೆಂದ ಕಟ್ಟುತ್ತಾಳೆ ಎಂದರು. ಗಣೇಶಗುಡಿಗೆ ಹೋಗಿ ಗುರುಬಸವ್ವನ ಹತ್ತಿರ ನಾನೇ ಮಾತಾಡುತ್ತೇನೆ ಎಂದಾಗ ಮಾತ್ರ ಅತ್ತೆಯ ಕೈಯಲ್ಲಿದ್ದ ಸೌಟು ನಿಂತಿತು. ಅಂಗಳದ ತುಳಸಿವರೆಗೂ ಹೋಗಲಾಗದವಳು ಆ ಕಾಡಿನ ರಸ್ತೆಯಲ್ಲಿ ಹೇಗೆ ಹೋಗುತ್ತಿ ಎಂದರು.

ಗೊತ್ತಿಲ್ಲ ಎಂದೆ.

ಸೊಯೊನ್‌ಗೆ ಉತ್ತರ ಬರೆಯುವುದು ಹಾಗೇ ಉಳಿದಿದೆ.

ಮಾರ್ಚ್ 9

ಹೋಗಿ ಬಂದೆ. ಅಕ್ಷರಗಳು ಇನ್ನೂ ಸೊಟ್ಟಗೆ ಬರುತ್ತಿವೆ.

ಲಗಮಪ್ಪ ಸನವಳ್ಳಿಗೆ ಹೋಗಿ ಹೊಳೆವ್ವನನ್ನು ಟೆಂಪೊದಲ್ಲಿ ಕರೆತಂದ. ದಾಂಡೇಲಿಯಲ್ಲಿ ನಾನೂ ಅಜಯನೂ ಹತ್ತಿದೆವು. ಹೊಳೆವ್ವ ನನ್ನ ಪಕ್ಕ ಕೂತಳು. ಊರು ಮುಗಿದು ಮರಗಳು ರಸ್ತೆಯ ಮೇಲೆ ಬಾಗಿದ ಕಡೆಯಿಂದ ಇಬ್ಬರೂ ಮಾತು ನಿಲ್ಲಿಸಿದೆವು. ನಾನು ಎಡಗಡೆ ಪೊದೆ ನೋಡುತ್ತಿದ್ದೆ, ಅವಳು ಬಲಗಡೆ. ಹಾಗೆಂದು ಮಾತಾಡಿಕೊಂಡಿರಲಿಲ್ಲ. ಒಂದು ತಿರುವಿನಲ್ಲಿ ಅಲ್ಲೇ ಎಂದು ತಿಳಿಯಿತು. ಆ ಬಂಡೆಗೆ ಹೋಗುವ ಕಾಲುದಾರಿ ಅದು. ನಾನು ವಾಂತಿ ಮಾಡಿಕೊಂಡೆ. ಲಗಮಪ್ಪ ಗಾಡಿ ನಿಲ್ಲಿಸಲು ಹೋದರೆ ಹೊಳೆವ್ವ ಬೇಡ ಎಂದು ಗದರಿ, ತನ್ನ ಸೆರಗಿನಲ್ಲೇ ನನ್ನ ಬಾಯಿ ಒರೆಸಿದಳು.

ಅವರ ಮನೆ ಅಣೆಕಟ್ಟಿನ ಕೆಲಸಗಾರರಿಗೆಂದು ಹಿಂದೆ ಕಟ್ಟಿದ ಸಾಲಿನಲ್ಲಿದೆ. ಹೊಳೆವ್ವನ ಮಾವ ಅಡಿವೆಯ್ಯ ಧಾರವಾಡದ ಕಡೆಯಿಂದ ಆ ಕೆಲಸಕ್ಕೆಂದೇ ಬಂದವರು. ಕಟ್ಟೆ ಮೇಲೆ ಕೂತಿದ್ದರು. ಗುರುಬಸವ್ವ ಬಾಗಿಲಲ್ಲಿ ನಿಂತಿದ್ದರು. ಕೆಟ್ಟ ಮುದುಕಿ ಇರುತ್ತಾಳೆ ಎಂದುಕೊಂಡಿದ್ದೆ. ಅವರಿಗೇ ಹೆದರಿಕೆಯಿತ್ತು. ಸೊಸೆಯನ್ನಲ್ಲ, ಸೊಸೆಯ ಹಿಂದಿನ ದಾರಿಯನ್ನು ನೋಡುತ್ತಿದ್ದರು.

“ಅಕಿನ್ನ ಕರಕೊಂಡು ಬರಬ್ಯಾಡ ಅಂದಿದ್ನೆಲ್ಲೊ ಲಗಮಾ” ಎಂದರು. “ಕಾಡಿನ್ಯಾಗ ಒಂದು ಲೆಕ್ಕ ಇರ್ತೈತಿ. ಅಕಿ ಸೀರಿ, ಅಕಿ ಬಳಿ. ಅದಕ್ಕ ಏನ ಗೊತ್ತು ಒಳಗಿರಾಕಿ ಯಾರಂತ.”

ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಎಲ್ಲ ಮರೆತುಹೋಯಿತು. ಮುಖಕ್ಕೆ ಸುತ್ತಿದ್ದ ಓಢಣಿ ತೆಗೆದು ಅವರ ಹತ್ತಿರ ಹೋಗಿ ನಿಂತೆ.

“ಸೀರಿ ಅಕಿದು ಅವ್ವಾರ. ಮಾರಿ ನಂದು. ಮುಟ್ಟಿ ನೋಡ್ರಿ” ಎಂದೆ.

ಅವರು ಮುಟ್ಟಿದರು. ಹಣೆಯಿಂದ ಶುರುಮಾಡಿ, ಹೊಲಿಗೆಯ ಗುಂಟ ಗದ್ದದವರೆಗೂ ಬೆರಳು ತಂದರು. ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ನೋವಾಗುತ್ತದೆಯೇ ಎಂದು ಕೇಳಿದರು. ರಾತ್ರಿ ಆಗುತ್ತದೆ ಎಂದೆ. ಬೆರಳು ತೆಗೆಯದೆ ಹಾಗೇ ನಿಂತರು. ಅಡಿವೆಯ್ಯ ಕಟ್ಟೆಯಿಂದಲೇ, ಹುಡುಗಿ ನಿಂತಾಳ, ಕುಂದರಸ ಎಂದರು.

ಒಳಗೆ ಕೂತಮೇಲೆ ಹೊಳೆವ್ವ, ಈಗ ನೋಡ್ತೇನ್ರಿ, ಎಲ್ಲಾರ ಮುಂದ ನೋಡ್ತೇನಿ ಎಂದಳು. ಲ್ಯಾಪ್‌ಟಾಪ್ ತೆಗೆಯುವಾಗ ಅಜಯ ನನ್ನ ಕೈ ಹಿಡಿದ. ಬೇಡವೆಂದೋ ಧೈರ್ಯಕ್ಕೋ ಗೊತ್ತಾಗಲಿಲ್ಲ. ತೆರೆದೆ. ಗುರುಬಸವ್ವ ಕಪ್ಪು ಆಕಾರವನ್ನು ಕಂಡು ಕಣ್ಣು ಮುಚ್ಚಿಕೊಂಡರು. ಹೊಳೆವ್ವ ಕರಡಿಯನ್ನು ಹೆಚ್ಚು ನೋಡಲಿಲ್ಲ. ಬಂಡೆಯ ಮೇಲೆ ಕೂತವಳನ್ನು ನೋಡಿದಳು. ಮುಖ ಹತ್ತಿರ ತಂದು, ದೂರ ಸರಿದು, ಮತ್ತೆ ಹತ್ತಿರ ತಂದು ನೋಡಿದಳು. ಅಷ್ಟು ಹೊತ್ತೂ ನನಗೆ ಒಂದೇ ಹೆದರಿಕೆ. ಮತ್ತೆ ಅವಳಿಗೆ ತಾನೇ ಕಂಡರೆ?

“ಇದು ನಾ ಅಲ್ರಿ” ಎಂದಳು. “ನೀವು ನಗಾಕತ್ತೀರಿ. ನಾ ಅಲ್ಲಿ ಕುಂತು ಯಾವತ್ತರ ನಕ್ಕೇನೇನು? ಇದು ನೀವ ಅದೀರಿ ಅಕ್ಕಾರ.”

ಅದು ಹೌದು. ತುಟಿ ಬಿಗಿದು ಕೂತಿದ್ದೆ ಎಂದೇ ತಿಳಿದಿದ್ದೆ. ಕಣ್ಣಿನ ತುದಿಯಲ್ಲಿ ನಗು ಇದೆ. ಬೆಳಗಿನ ಬೆಳಕು ಚೆನ್ನಾಗಿ ಬಂದಿತ್ತು, ಚಿತ್ರ ಚೆನ್ನಾಗಿ ಬರುತ್ತದೆ ಎಂಬ ಸಂತೋಷ ಅದು. ಸೀರೆಯೊಳಗೆ ನಾನೇ ಕೂತಿದ್ದೆ. ಆ ಮುಖವನ್ನು ಇನ್ನು ಎಲ್ಲೂ ನೋಡುವಂತಿಲ್ಲ ಎಂಬುದು ಆಗ ಹೊಳೆಯಿತು. ಅವರೆಲ್ಲರ ಮುಂದೆ ನಾನು ಅತ್ತುಬಿಟ್ಟೆ. ಹೊಳೆವ್ವನೂ ಅತ್ತಳು. ಅವಳದು ಬೇರೆ ಅಳು, ಹೊರೆ ಇಳಿಸಿದವರು ನಿಟ್ಟುಸಿರು ಬಿಡುತ್ತಾರಲ್ಲ, ಹಾಗಿತ್ತು.

ಪರೀಕ್ಷೆ ಮುಗಿಯುವವರೆಗೆ ಇರಲಿ ಎಂದರು ಗುರುಬಸವ್ವ. ಅದಕ್ಕಿಂತ ಹೆಚ್ಚಿಗೆ ಏನೂ ಹೇಳಲಿಲ್ಲ. ಹೇಳುವಾಗಲೂ ಬಾಗಿಲ ಕಡೆ ಒಮ್ಮೆ ನೋಡಿದರು.

ಬರುವಾಗ ಹೊಳೆವ್ವನನ್ನು ಒಂದು ಬದಿಗೆ ಕರೆದು, ಈ ಚಿತ್ರ ಬೇರೆ ದೇಶದಲ್ಲಿ ಗೋಡೆಗೆ ಹಾಕುತ್ತೇವೆ ಎನ್ನುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದೆ. ನನ್ನನ್ನು ಕೇಳಬೇಡಿ, ಅದು ನಿಮ್ಮ ಮುಖ ಎಂದಳು. ಸ್ವಲ್ಪ ತಡೆದು, ಅಲ್ಲಿಯ ಜನ ಅದನ್ನು ನೋಡಿ ಏನು ಮಾಡುತ್ತಾರೆ ಎಂದು ಕೇಳಿದಳು. ನೋಡುತ್ತಾರೆ ಎಂದೆ.

“ನಾವ ಭಾಳ ನೋಡೇವ್ರಿ” ಎಂದಳು.

ಮಾರ್ಚ್ 11

ಸೊಯೊನ್‌ಗೆ ಹನ್ನೊಂದು ಚಿತ್ರ ಕಳಿಸಿದೆ. ಹನ್ನೆರಡನೆಯದು ಇಲ್ಲ ಎಂದು ಬರೆದೆ. ಕಾರಣ ಬರೆಯಲು ಹೋಗಿ ಉದ್ದವಾಯಿತು, ಅಳಿಸಿದೆ.

ಮಾರ್ಚ್ 14

ಅವಳ ಉತ್ತರ ಬಂತು. ಅರ್ಥವಾಗುತ್ತದೆ ಎಂದಿದ್ದಾಳೆ. ದೊಡ್ಡ ಗೋಡೆಯನ್ನು ತೈವಾನಿನವನಿಗೆ ಕೊಟ್ಟಿದ್ದಾರೆ. ನನ್ನವು ಪಕ್ಕದ ಸಣ್ಣ ಕೋಣೆಗೆ. ಬೇಸರವಾಯಿತು. ಆಗಲಿಲ್ಲ ಎಂದು ಬರೆದುಕೊಳ್ಳುವುದು ಬೇಡ.

ಮಧ್ಯಾಹ್ನ ಹೊಳೆವ್ವ ಫೋನ್ ಮಾಡಿದ್ದಳು. ಸುಮಿತಾಗೆ ಗಣಿತದ್ದೇ ಚಿಂತೆಯಂತೆ. ಅಜಯನಿಗೆ ಫೋನ್ ಕೊಟ್ಟೆ. ಅರ್ಧ ಗಂಟೆ ಆ ಹುಡುಗಿಗೆ ಲೆಕ್ಕ ಹೇಳಿಕೊಟ್ಟ.

ಮಾರ್ಚ್ 19

ಕನಸು. ಸೀರೆ ಉಟ್ಟು ಬಂಡೆಯ ಮೇಲೆ ಕೂತವಳು ಸುಮಿತಾ. ಗುಂಡಿ ನನ್ನ ಕೈಯಲ್ಲಿ. ಬಾಯಿಗೆ ತಂತಿ. ಎದ್ದು ಅತ್ತೆಯ ಹಾಸಿಗೆಯಲ್ಲಿ ಹೋಗಿ ಮಲಗಿದೆ. ಅವರು ಸರಿದು ಜಾಗ ಕೊಟ್ಟರು.

ಏಪ್ರಿಲ್ 5

ಸೋಲ್‌ನಲ್ಲಿ ಇವತ್ತು ಪ್ರದರ್ಶನ ಶುರು. ಸೊಯೊನ್ ಬೆಳಿಗ್ಗೆಯೇ ವಿಡಿಯೊ ಕಳಿಸಿದ್ದಳು. ನಾನು ಈಗ ರಾತ್ರಿಯಷ್ಟೇ ನೋಡುತ್ತಿದ್ದೇನೆ, ಬೆಳಿಗ್ಗೆಯಿಂದ ಗಣೇಶಗುಡಿಯಲ್ಲಿದ್ದೇನೆ.

ಸುಮಿತಾಳ ಪರೀಕ್ಷೆ ಮುಗಿಯಿತೆಂದು ಹೋಳಿಗೆ ಮಾಡಿದ್ದೇವೆ ಬರ್ರಿ ಎಂದು ಹೊಳೆವ್ವ ಕರೆದಿದ್ದಳು. ಅಜಯನಿಗೆ ಪಾಳಿ ಇತ್ತು. ಅತ್ತೆ ನಾನೂ ಬರುತ್ತೇನೆ ಎಂದು ಹೊರಟರು. ಬಸ್ಸಿನಲ್ಲಿ ಹೋದೆವು. ಊಟಕ್ಕೆ ಕೂತಾಗ ಅತ್ತೆ ಹೊಳೆವ್ವನ ಜೊತೆ ಮಾತಾಡಲಿಲ್ಲ. ಎರಡನೇ ಹೋಳಿಗೆ ಬಡಿಸುವಾಗ ಮಾತ್ರ, ತುಪ್ಪ ಮನೆಯದೋ ಎಂದು ಕೇಳಿದರು. ಗುರುಬಸವ್ವ ಸೊಸೆಯನ್ನು ತವರಿಗೆ ಕಳಿಸುವ ಮಾತು ಎತ್ತಲಿಲ್ಲ, ಇರು ಎಂದೂ ಹೇಳಲಿಲ್ಲ. ಹೊಳೆವ್ವ ಹೋಮ್‌ಸ್ಟೇ ಕೆಲಸಕ್ಕೆ ಮತ್ತೆ ಹೋಗುತ್ತಿದ್ದಾಳೆ. ಕಟ್ಟಿಗೆಗೆ ಹೋಗುವುದಿಲ್ಲ.

ಅತ್ತೆ ಗುರುಬಸವ್ವನ ಜೊತೆ ಮಾತಿಗೆ ಕೂತರು, ಏಳುವ ಲಕ್ಷಣ ಕಾಣಲಿಲ್ಲ. ಕೊನೆಯ ಬಸ್ಸು ಯಾವಾಗ ಎಂದು ಕೇಳಿಕೊಂಡು ಬರೋಣ ಎಂದು ನಾನೂ ಹೊಳೆವ್ವನೂ ರಸ್ತೆಯ ಅಂಗಡಿಗೆ ಹೊರಟೆವು. ಬಿಸಿಲು ಇಳಿಯುತ್ತಿತ್ತು. ಮನೆಗಳ ಸಾಲು ಮುಗಿದಮೇಲೆ ಸ್ವಲ್ಪ ದೂರ ಎರಡೂ ಕಡೆ ಲಂಟಾನದ ಪೊದೆ. ಅಂಗಡಿಯ ತಗಡು ಎದುರಿಗೇ ಕಾಣುತ್ತಿತ್ತು.

ನನ್ನ ಬೆನ್ನ ಹಿಂದೆ ಪೊದೆ ಸರಿಯಿತು. ಗಾಳಿ ಇರಲಿಲ್ಲ. ಮತ್ತೆ ಸರಿಯಿತು, ಭಾರವಾದದ್ದು ಕಾಲಿಟ್ಟ ಹಾಗೆ. ನಾನು ತಿರುಗಲಾರದೆ ಹೋದೆ. ಮೈ ಮರಗಟ್ಟಿತು. ಹೊಳೆವ್ವ ನನಗಿಂತ ಒಂದು ಹೆಜ್ಜೆ ಮುಂದಿದ್ದಳು, ನನ್ನ ಕಡೆ ಮುಖ ಮಾಡಿದ್ದಳು. ಅವಳ ಕಣ್ಣು ನನ್ನನ್ನು ದಾಟಿ ಹಿಂದಕ್ಕೆ ಹೋದದ್ದು ಕಂಡಿತು. ಅವಳ ಬಾಯಿ ತೆರೆಯಿತು. ಒಂದು ಗಳಿಗೆ ಸದ್ದೇ ಇಲ್ಲ. ಆಮೇಲೆ ಕೂಗಿದಳು.

ಅಂಥ ಕೂಗು ನಾನು ಕೇಳಿಲ್ಲ. ಅದರಲ್ಲಿ ಮಾತಿರಲಿಲ್ಲ, ಬರೀ ದನಿ. ನನ್ನ ರಟ್ಟೆ ಹಿಡಿದು ತನ್ನ ಕಡೆ ಎಳೆದುಕೊಂಡಳು, ಕೂಗುವುದು ಬಿಡಲಿಲ್ಲ. ಯಾವಾಗಿನಿಂದಲೋ ನಾನೂ ಕೂಗುತ್ತಿದ್ದೆ. ಇಬ್ಬರೂ ಪೊದೆಯ ಕಡೆ ಮುಖ ಮಾಡಿ, ಒಬ್ಬರನ್ನೊಬ್ಬರು ಹಿಡಿದುಕೊಂಡು, ಉಸಿರು ಮುಗಿಯುವವರೆಗೆ ಕೂಗಿದೆವು. ಉಸಿರು ತಗೊಂಡು ಮತ್ತೆ ಕೂಗಿದೆವು.

ಮನೆಗಳಿಂದ ಜನ ಓಡಿಬಂದರು. ಲಗಮಪ್ಪ ರಾಫ್ಟಿಂಗ್ ಹುಟ್ಟು ಹಿಡಿದು ಬಂದ. ಅಂಗಡಿಯವನು ತಗಡು ಬಡಿಯುತ್ತ ಬಂದ. ನನ್ನ ಅತ್ತೆ ಬರಿಗಾಲಲ್ಲಿ, ಗುರುಬಸವ್ವ ಕೈಯಲ್ಲಿ ಒನಕೆ ಹಿಡಿದು ಬಂದರು. ಎಲ್ಲರೂ ಪೊದೆ ಬಡಿದರು. ಏನೂ ಹೊರಗೆ ಬರಲಿಲ್ಲ. ಹೆಜ್ಜೆ ಗುರುತು ಇದೆ ಎಂದು ಒಬ್ಬ, ಅದು ದನದ್ದು ಎಂದು ಇನ್ನೊಬ್ಬ. ಹೊಳೆವ್ವ ಮಾತ್ರ ನನಗೆ, ಏನೋ ಇತ್ತರಿ ಎಂದಳು. ಇತ್ತು ಎಂದೆ.

ಗುರುಬಸವ್ವ ಒನಕೆ ಕೆಳಗಿಟ್ಟು ಸೊಸೆಯ ಬೆನ್ನು ನೀವುತ್ತ ನಿಂತರು. ಅತ್ತೆ ಕೊನೆಯ ಬಸ್ಸು ಹೋಗಲಿ ಎಂದರು. ಇವತ್ತು ಇಲ್ಲೇ ಉಳಿದಿದ್ದೇವೆ. ಹೊಳೆವ್ವ ಪಕ್ಕದಲ್ಲಿ ಮಲಗಿದ್ದಾಳೆ, ದನಿ ಪೂರ್ತಿ ಕಟ್ಟಿದೆ. ದವಡೆ ಕಿವಿಯವರೆಗೂ ಸಿಡಿಯುತ್ತಿದೆ. ಅವಸರ ಮಾಡಿ ಬಾಯಿ ಅಗಲಿಸಬಾರದು ಎಂದು ಡಾಕ್ಟರು ಹೇಳಿದ್ದರು. ಸೋಮವಾರ ಹುಬ್ಬಳ್ಳಿಗೆ ಹೋದಾಗ ಏನು ಹೇಳಲಿ ಎಂದು ಯೋಚಿಸಬೇಕು.